ಪ್ಲೇಟಿನ ಒಳಅಂಚಿನ ಅಂಕಿ

ಹಳೆಯ ಗ್ರಾಮಫೋನ್ ಪ್ಲೇಟುಗಳನ್ನು ಹುಡುಕಿ ಕೂಡಿಡುವವರ ನಡುವೆ ಒಂದು ರೂಢಿಯಿದೆ. ಯಾರಿಗಾದರೂ ಹೊಸದೊಂದು ಪ್ಲೇಟು ದೊರೆತರೆ, ಅದರ ಧೂಳು ಒರೆಸುವುದಕ್ಕೂ ಮೊದಲೇ ಚಿತ್ರ ತೆಗೆದು ಉಳಿದವರಿಗೆ ತೋರಿಸುತ್ತಾರೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಆಸುಪಾಸಿನ ಭಾನುವಾರದ ಸಂತೆಯಲ್ಲಿ ಒಬ್ಬರಿಗೆ, ಹುಬ್ಬಳ್ಳಿಯ ಗುಜರಿ ಅಂಗಡಿಯಲ್ಲಿ ಇನ್ನೊಬ್ಬರಿಗೆ, ಮುಂಬಯಿಯ ಚೋರ್ ಬಜಾರಿನಲ್ಲಿ ಮತ್ತೊಬ್ಬರಿಗೆ ಸಿಕ್ಕ ಪ್ಲೇಟುಗಳು ಹೀಗೆ ಒಂದೇ ದಿನ ಎಲ್ಲರ ಕಣ್ಣಿಗೂ ಬೀಳುತ್ತವೆ. ಕನ್ನಡದ ಪ್ಲೇಟು ಮುಂಬಯಿಯಲ್ಲಿ ದೊರೆತರೆ ಆಶ್ಚರ್ಯಪಡಬೇಕಾಗಿಲ್ಲ. ಧಾರವಾಡ, ಬೆಳಗಾವಿ, ಬಿಜಾಪುರಗಳು ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಆ ಭಾಗದ ಗಾಯಕರು ಧ್ವನಿಮುದ್ರಣಕ್ಕೆಂದು ರೈಲು ಹತ್ತಿ ಹೋಗುತ್ತಿದ್ದುದು ಅಲ್ಲಿಗೇ.

ಈ ಹಂಚಿಕೊಳ್ಳುವ ರೂಢಿಯನ್ನು ನಾನು ತುಂಬ ಗೌರವಿಸುತ್ತೇನೆ. ಆದರೆ ಹೆಚ್ಚಿನ ಚಿತ್ರಗಳಲ್ಲಿ ಕಾಣುವುದು ನಡುವಿನ ಬಣ್ಣದ ಲೇಬಲ್ ಮಾತ್ರ. ನಾಯಿ ಕೊಳವೆಯ ಮುಂದೆ ಕುಳಿತ ಆ ಮುದ್ರೆ, ಹಾಡಿದವರ ಹೆಸರು, ರಾಗದ ಹೆಸರು, ಅದರ ಕೆಳಗೆ ಕೊಟ್ಟ ಬೆಲೆ, ಇಷ್ಟಕ್ಕೆ ಮಾತು ಮುಗಿಯುತ್ತದೆ. ನಾನು ಹೇಳಬೇಕೆಂದಿರುವುದು ಇದಕ್ಕಿಂತ ಆಚೆಗಿನ ವಿಷಯ. ನಿಮಿಷಕ್ಕೆ 78 ಸುತ್ತು ತಿರುಗುವ ಕನ್ನಡದ ಹಳೆಯ ಪ್ಲೇಟುಗಳೆಲ್ಲವೂ ಒಂದೇ ಕಡೆ ಇರುವ ಗ್ರಂಥಾಲಯವೊಂದು ನಮ್ಮ ಮುಂದಿಲ್ಲ. ಹವ್ಯಾಸಿಗಳ ಕಪಾಟುಗಳಲ್ಲಿ ಚದುರಿ ಬಿದ್ದಿರುವುದೇ ಆ ಗ್ರಂಥಾಲಯ. ಹಾಗಿರುವಾಗ ಸಿಕ್ಕಿದ್ದನ್ನು ತೋರಿಸುವ ಬಗೆಯೂ ಗ್ರಂಥಾಲಯದ ಶಿಸ್ತಿಗೆ ಒಳಪಡಬೇಕು.

ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ, ಕೊನೆಯ ಗೆರೆಗೂ ಲೇಬಲ್ಲಿಗೂ ನಡುವೆ ಬೆರಳಗಲದ ನುಣುಪಾದ ಜಾಗ ಕಾಣುತ್ತದೆ. ಅಲ್ಲಿ ಸಣ್ಣದಾಗಿ ಕೆಲವು ಅಕ್ಷರಗಳು ಮತ್ತು ಅಂಕಿಗಳು ಇರುತ್ತವೆ. ಕೆಲವೊಮ್ಮೆ ಅವು ಅಚ್ಚೊತ್ತಿದಂತೆ ಅಚ್ಚುಕಟ್ಟಾಗಿದ್ದರೆ, ಕೆಲವೊಮ್ಮೆ ಕೈಯಿಂದ ಗೀಚಿದಂತಿರುತ್ತವೆ. ಅದೇ ಮ್ಯಾಟ್ರಿಕ್ಸ್ ಸಂಖ್ಯೆ. ಲೇಬಲ್ಲಿನ ಮೇಲೆ ಅಚ್ಚಾದ ಸಂಖ್ಯೆ ಅಂಗಡಿಯವನಿಗೆ ಮತ್ತು ಗಿರಾಕಿಗೆ ಸಂಬಂಧಿಸಿದ್ದು. ಒಳಅಂಚಿನ ಸಂಖ್ಯೆ ಹಾಡಿದ ಆ ಗಳಿಗೆಗೆ ಸಂಬಂಧಿಸಿದ್ದು. ಒಂದೇ ಮುದ್ರಣ ಮೊದಲು ನಾಯಿಯ ಗುರುತಿನ ಎಚ್‌ಎಂವಿ ಮುದ್ರೆಯಲ್ಲಿ ಬಂದು, ಆಮೇಲೆ ಕಡಿಮೆ ಬೆಲೆಯ ಟ್ವಿನ್ ಮುದ್ರೆಯಲ್ಲಿ ಬೇರೆಯೇ ಸಂಖ್ಯೆಯೊಡನೆ ಹೊರಬರುವುದು ಸಾಧ್ಯವಿತ್ತು. ಲೇಬಲ್ ಮಾತ್ರ ನೋಡಿದವರಿಗೆ ಅವು ಎರಡು ಪ್ಲೇಟುಗಳು. ಒಳಅಂಚು ನೋಡಿದವರಿಗೆ ಒಂದೇ ಹಾಡುಗಾರಿಕೆ. ಇದಕ್ಕೆ ತಿರುಗುಮುರುಗಾಗಿ, ಒಂದೇ ಹಾಡನ್ನು ಎರಡು ಸಲ ಹಾಡಿಸಿ ಎರಡನ್ನೂ ಬಳಸಿದ್ದರೆ, ಲೇಬಲ್ಲು ಅದೇ ಆಗಿದ್ದರೂ ಅಂಚಿನಲ್ಲಿನ ಒಂದು ಪುಟ್ಟ ಗುರುತು ಬದಲಾಗಿರುತ್ತದೆ. ಎಚ್‌ಎಂವಿಯ ಒಡೆಯರಾದ ಗ್ರಾಮಫೋನ್ ಕಂಪನಿಯ ಆರಂಭಕಾಲದ ಮುದ್ರಣಗಳಲ್ಲಂತೂ ಆ ಸಂಖ್ಯೆಯ ಕೊನೆಗೆ ಸೇರಿಸಿದ ಅಕ್ಷರದಿಂದ ಧ್ವನಿಮುದ್ರಣ ಮಾಡಿದ ತಂತ್ರಜ್ಞ ಯಾರೆಂಬುದನ್ನೂ ತಿಳಿಯಬಹುದು. ಹಳೆಯ ಪ್ಲೇಟುಗಳ ಸಂಶೋಧಕ ಮೈಕೇಲ್ ಕಿನ್ನಿಯರ್ ಅವರು 1899ರಿಂದ 1908ರವರೆಗಿನ ಭಾರತೀಯ ಮುದ್ರಣಗಳ ಪಟ್ಟಿಯನ್ನು ಸಿದ್ಧಪಡಿಸಿದಾಗ ಇಂಥ ಅಂಕಿಗಳೇ ಅದರ ಬೆನ್ನೆಲುಬಾಗಿದ್ದವು. ಆದ್ದರಿಂದ ಚಿತ್ರ ತೆಗೆಯುವವರು ಮೊಬೈಲನ್ನು ಸ್ವಲ್ಪ ವಾಲಿಸಿ, ಒಂದು ಬದಿಯಿಂದ ದೀಪ ಹಿಡಿದು, ಆ ಜಾಗವನ್ನೂ ಸೇರಿಸಿದರೆ ಅದು ದೊಡ್ಡ ಉಪಕಾರ. ಎರಡೂ ಬದಿ ತೋರಿಸಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ. ಆದರೆ ಒಂದು ಬದಿಯ ಹೆಸರಾಂತ ಹಾಡನ್ನು ತೋರಿಸಿ, ಹಿಂಬದಿಯ ಅಪರಿಚಿತ ಹಾಡನ್ನು ಬಿಟ್ಟುಬಿಡುವುದು ಈಗಲೂ ನಡೆಯುತ್ತಿದೆ. ನಮಗೆ ತಿಳಿಯದ ಸಂಗತಿ ಇರುವುದು ಸಾಮಾನ್ಯವಾಗಿ ಆ ಹಿಂಬದಿಯಲ್ಲೇ.

ಇತ್ತೀಚೆಗೆ ಧಾರವಾಡ ಕಡೆಯ ಗೆಳೆಯರೊಬ್ಬರು ಒಂದು ಹಳೆಯ ಮನೆಯಿಂದ ತಂದ ಪ್ಲೇಟುಗಳನ್ನು ನನಗೆ ತೋರಿಸಿದರು. ಆ ಮನೆಯ ಹಿರಿಯ ಹೆಂಗಸು ಪೆಟ್ಟಿಗೆಯನ್ನು ಕೊಡುವಾಗ, "ತಗೊಂಡ ಹೋಗ್ರಿ, ಆದ್ರ ಒಮ್ಮೆ ಇಲ್ಲೇ ಹಚ್ಚಿ ಕೇಳ್ಸಿ ಹೋಗ್ರಿ. ನಮ್ಮ ಮಾವನವರು ಹೋದಮ್ಯಾಲೆ ಯಾರೂ ಮುಟ್ಟಿಲ್ರಿ" ಎಂದರಂತೆ. ಗೆಳೆಯರ ಬಳಿ ಆಗ ಯಂತ್ರವಿರಲಿಲ್ಲ. ಮುಂದಿನ ವಾರ ಯಂತ್ರ ಹೊತ್ತು ಮತ್ತೆ ಹೋಗಿ, ಕೇಳಿಸಿದ ಮೇಲೆಯೇ ಪೆಟ್ಟಿಗೆ ತಂದರು. ಆ ಪ್ಲೇಟುಗಳಲ್ಲಿ ಒಂದನ್ನು ನಾನು ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಿದೆ. ಲೇಬಲ್ಲಿನ ಮೇಲೆ 'ಕ್ಯಾನರೀಸ್' ಎಂದು, ಅಂದರೆ ಕನ್ನಡಕ್ಕೆ ಆಗಿನ ಇಂಗ್ಲಿಷ್ ಹೆಸರು, ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಅದರ ಪಕ್ಕದಲ್ಲಿ ನೇರಳೆ ಶಾಯಿಯ ರಬ್ಬರ್ ಮೊಹರು, ಮಾರಿದ ಅಂಗಡಿಯದು. ಊರಿನ ಹೆಸರು ಮಾತ್ರ ಓದಲು ಬರುವಷ್ಟು ಉಳಿದಿತ್ತು. ಅದರ ಮೇಲೆ ಪೆನ್ಸಿಲಿನಲ್ಲಿ ಮೋಡಿ ಅಕ್ಷರದ, ಅಂದರೆ ಮರಾಠಿಯ ಹಳೆಯ ಕೂಡುಬರಹದ, ಒಂದು ಸಾಲು. ಗೆರೆಗಳು ಹೊರ ಅಂಚಿನಲ್ಲಿ ಕಪ್ಪಗೆ ಮಿನುಗುತ್ತಿದ್ದು, ಒಳಕ್ಕೆ ಬಂದಂತೆ ಬೂದಿ ಬಣ್ಣಕ್ಕೆ ತಿರುಗಿದ್ದವು. ಗೆರೆಯಲ್ಲಿ ಓಡುವ ಮುಳ್ಳು (ಸೂಜಿ) ಸವೆಯುತ್ತ ಹೋದಂತೆ ಒಳಗಿನ ಗೆರೆಗಳನ್ನು ಹೆಚ್ಚು ಉಜ್ಜುತ್ತದೆ. ಬದಿಗೊಂದು ಹೊಸ ಮುಳ್ಳು ಹಾಕಬೇಕು ಎಂಬ ನಿಯಮವನ್ನು ಆ ಮನೆಯವರು ಉಳಿತಾಯಕ್ಕಾಗಿ ಮೀರಿರಬೇಕು. ಅಂಚಿನಿಂದ ಒಂದು ಸೀಳು ಹಾಡಿನ ಅರ್ಧದವರೆಗೂ ಹೋಗಿತ್ತು. ಹಚ್ಚಿದಾಗ ನಿಮಿಷಕ್ಕೆ 78 ಸಲ ಆ ಸೀಳಿನ 'ಟಕ್' ಸದ್ದು, ಅದರ ಹಿಂದೆ ಹಾರ್ಮೋನಿಯಂ, ಅದರ ಹಿಂದೆ ಹೆಣ್ಣಿನ ದನಿ. ಸೀಳು ದಾಟಿದ ಮೇಲೆ ದನಿ ತಟ್ಟನೆ ತಿಳಿಯಾಯಿತು. ವ್ಯಾಪಾರಿಯ ಲೆಕ್ಕದಲ್ಲಿ ಈ ಪ್ಲೇಟಿಗೆ ಬೆಲೆಯಿಲ್ಲ. ನನ್ನ ಲೆಕ್ಕದಲ್ಲಿ, ಎಲ್ಲ ಕಡೆಯೂ ಸಿಗುವ ಹೊಳಪಿನ ಸಿನಿಮಾ ಹಾಡಿನ ನೂರು ಪ್ಲೇಟುಗಳಿಗಿಂತ ಇದು ಹೆಚ್ಚಿನದು, ಏಕೆಂದರೆ ನನಗೆ ಪರಿಚಯವಿರುವ ಯಾರ ಬಳಿಯೂ ಇದರ ಇನ್ನೊಂದು ಪ್ರತಿ ಇಲ್ಲ.

ಮೊಹರು, ಪೆನ್ಸಿಲ್ ಸಾಲು, ಪೆಟ್ಟಿಗೆ ಬಂದ ಊರು, ಇವೆಲ್ಲ ಪ್ಲೇಟಿನಷ್ಟೇ ಮುಖ್ಯವಾದ ಸಾಕ್ಷ್ಯಗಳು. ಯಾವ ಊರಿನ ಅಂಗಡಿಗೆ ಯಾವ ಸಂಗೀತ ಹೋಗುತ್ತಿತ್ತು, ಒಂದೇ ಮನೆಯಲ್ಲಿ ಹಿಂದುಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಠುಮರಿಯ ಪಕ್ಕದಲ್ಲಿ ಕನ್ನಡ ರಂಗಗೀತೆ, ಅದರ ಪಕ್ಕದಲ್ಲಿ ಮರಾಠಿ ನಾಟ್ಯಪದ ಇರುತ್ತಿದ್ದುದು ಹೇಗೆ ಎಂಬುದನ್ನು ಹೇಳಬಲ್ಲದ್ದು ಬಿಡಿ ಪ್ಲೇಟಲ್ಲ, ಪೆಟ್ಟಿಗೆ. ಪೆಟ್ಟಿಗೆಯನ್ನು ಒಡೆದು ಒಳ್ಳೆಯದನ್ನು ಆರಿಸಿ ಉಳಿದದ್ದನ್ನು ಗುಜರಿಗೆ ಹಾಕಿದರೆ ಆ ಮನೆಯ ಕಿವಿಯ ಚರಿತ್ರೆ ಅಲ್ಲಿಗೇ ಹೋಯಿತು. ಆದ್ದರಿಂದ ಏನು ಸಿಕ್ಕಿತು ಎಂಬುದರ ಜೊತೆಗೆ ಎಲ್ಲಿ, ಯಾವುದರ ಜೊತೆ ಸಿಕ್ಕಿತು ಎಂದು ಬರೆಯಿರಿ ಎಂದು ನಾನು ಗೆಳೆಯರನ್ನು ಬೇಡಿಕೊಳ್ಳುತ್ತಿರುತ್ತೇನೆ. ಮನೆಯವರ ಹೆಸರು ಬೇಡ. ಊರು ಮತ್ತು ಪೆಟ್ಟಿಗೆಯ ಪಟ್ಟಿ ಸಾಕು.

ಹೆಸರುಗಳ ತೊಡಕು ಇನ್ನೊಂದು ಬಗೆಯದು, ಮತ್ತು ಹಂಚಿಕೊಳ್ಳುವುದರ ನಿಜವಾದ ಫಲ ಕಾಣುವುದು ಇಲ್ಲಿಯೇ. ಗಂಗೂಬಾಯಿ ಹಾನಗಲ್ ಅವರ ಆರಂಭದ ಪ್ಲೇಟುಗಳು 'ಗಾಂಧಾರಿ' ಎಂಬ ಹೆಸರಿನಲ್ಲಿ ಬಂದವು. ಈಗ ಇದು ಸಂಗೀತಾಸಕ್ತರೆಲ್ಲರಿಗೂ ಗೊತ್ತಿರುವ ಸಂಗತಿ. ಆದರೂ ಗುಜರಿಯ ರಾಶಿಯಲ್ಲಿ ಆ ಹೆಸರು ನೋಡಿ ಯಾರೋ ನಾಟಕದ ನಟಿ ಇರಬೇಕೆಂದು ಬದಿಗೆ ಸರಿಸಿದವರು ಇದ್ದಾರೆ. ಆ ಪ್ಲೇಟುಗಳಲ್ಲಿರುವುದು ನಾವು ಬಲ್ಲ ಗಂಗೂಬಾಯಿಯವರ ಗಂಭೀರವಾದ, ಗಂಡುದನಿಗೆ ಹತ್ತಿರವಾದ ಕಂಠವಲ್ಲ. ಗಂಟಲಿನ ಚಿಕಿತ್ಸೆಯಾದ ನಂತರ ಅವರ ದನಿ ಇಳಿಯಿತು. ಅದಕ್ಕೂ ಮುಂಚಿನ ತೆಳುವಾದ, ಎತ್ತರದ, ಚುರುಕಾದ ದನಿ ಉಳಿದಿರುವುದು 1930ರ ದಶಕದ ಆ ಮೂರು ಮೂರು ನಿಮಿಷದ ಮುದ್ರಣಗಳಲ್ಲಿ. ಒಂದು ಮಹಾ ಕಂಠದ ಹಿಂದೆ ಇದ್ದ ಇನ್ನೊಂದು ಕಂಠ ಅರಗಿನ ತಟ್ಟೆಗಳಲ್ಲಿ ಉಳಿದಿದೆ ಎಂಬುದನ್ನು ನೆನೆದಾಗಲೆಲ್ಲ ಈ ಹವ್ಯಾಸದ ಬಗ್ಗೆ ನನಗೆ ಇರುವ ಪ್ರೀತಿ ಹೊಸದಾಗುತ್ತದೆ. ಹಾಗೆಯೇ ಧಾರವಾಡ ಸೀಮೆಯ ಇನ್ನೊಬ್ಬ ಮಹಾ ಗಾಯಕ ಮಲ್ಲಿಕಾರ್ಜುನ ಮನ್ಸೂರರು ತಾರುಣ್ಯದಲ್ಲಿ ಎಚ್‌ಎಂವಿಗಾಗಿ ಹಾಡಿದ ಪ್ಲೇಟುಗಳು. ಮುಂದಿನ ದೀರ್ಘ ಮುದ್ರಣಗಳಿಂದ ಅವರನ್ನು ಬಲ್ಲವರು ಇವನ್ನು ಕೇಳಿದರೆ ಬೆರಗಾಗುತ್ತಾರೆ.

ಗೌಹರ್ ಎಂಬ ಹೆಸರಿನದು ಇನ್ನೂ ದೊಡ್ಡ ಗೊಂದಲ. ಕಲ್ಕತ್ತೆಯ ಗೌಹರ್ ಜಾನ್ 1902ರಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಣ ತಂತ್ರಜ್ಞ ಫ್ರೆಡ್ ಗೈಸ್‌ಬರ್ಗ್ ಎದುರು ಹಾಡಿದವರು, ಪ್ರತಿ ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದವರು. ಆ ಕಾಲದಲ್ಲಿ ಮೂಲಮುದ್ರಿಕೆಗಳು ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಲ್ಲಿ ಪ್ಲೇಟುಗಳಾಗುತ್ತಿದ್ದವು. ಭಾಷೆ ತಿಳಿಯದ ಕೆಲಸಗಾರರು ಯಾರ ಹಾಡಿಗೆ ಯಾರ ಲೇಬಲ್ ಅಂಟಿಸಬೇಕೆಂದು ತಿಳಿಯಲು ಆ ಘೋಷಣೆ ನೆರವಾಗುತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1928ರಲ್ಲಿ ಮೈಸೂರಿಗೆ ಬಂದ ಗೌಹರ್ ಜಾನ್ 1930ರ ಜನವರಿ 17ರಂದು ಮೈಸೂರಿನಲ್ಲಿಯೇ ತೀರಿಕೊಂಡರು. ಹೀಗಾಗಿ ಮೈಸೂರಿನಲ್ಲಿ ಗೌಹರ್ ಎಂಬ ಹೆಸರಿನ ಯಾವ ಪ್ಲೇಟು ಸಿಕ್ಕರೂ ಅದನ್ನು ಅವರದೆಂದೇ ತಿಳಿದು ದುಬಾರಿ ಬೆಲೆ ಹೇಳುತ್ತಾರೆ. ಆದರೆ ಬೀಳಗಿಯ ಅಮೀರಬಾಯಿ ಕರ್ನಾಟಕಿಯವರ ಅಕ್ಕ ಗೌಹರಬಾಯಿ ಕರ್ನಾಟಕಿಯವರೂ ಪ್ಲೇಟುಗಳಲ್ಲಿ ಹಾಡಿದವರೇ. ನಮ್ಮ ನೆಲದ ಈ ಗಾಯಕಿಯ ಪ್ಲೇಟು ಕಲ್ಕತ್ತೆಯ ಗಾಯಕಿಯದೆಂಬ ಹೆಸರಿನಲ್ಲಿ ಮಾರಾಟವಾಗುವುದು ಇಬ್ಬರಿಗೂ ಮಾಡುವ ಅನ್ಯಾಯ. ಲೇಬಲ್ಲಿನ ಪೂರ್ತಿ ಚಿತ್ರ, ಒಳಅಂಚಿನ ಅಂಕಿ, ಹಾಡಿನ ಒಂದು ತುಣುಕು, ಈ ಮೂರನ್ನು ನಾಲ್ಕು ಜನ ಒಟ್ಟಿಗೆ ನೋಡಿ ಕೇಳಿದರೆ ಇಂಥ ಗೊಂದಲ ಒಂದು ಸಂಜೆಯಲ್ಲಿ ಬಗೆಹರಿಯುತ್ತದೆ. ಒಬ್ಬರೇ ಕಪಾಟಿನಲ್ಲಿಟ್ಟುಕೊಂಡು ಕೂತರೆ ಅದು ಎಂದಿಗೂ ಬಗೆಹರಿಯುವುದಿಲ್ಲ.

ಕೇಳಿಸುವುದಕ್ಕೆ ಮೊದಲು ಶುಚಿಗೊಳಿಸಬೇಕು. ಇಲ್ಲಿ ಒಂದು ಎಚ್ಚರಿಕೆಯನ್ನು ಹೊಸಬರಿಗೆ ಎಷ್ಟು ಸಲ ಹೇಳಿದರೂ ಸಾಲದು. ಈ ಪ್ಲೇಟುಗಳು ಪ್ಲಾಸ್ಟಿಕ್ಕಿನವಲ್ಲ. ಅರಗು, ನುಣ್ಣಗೆ ಅರೆದ ಕಲ್ಲುಪುಡಿ, ಹತ್ತಿಯ ಎಳೆ, ಕಾಡಿಗೆ ಸೇರಿಸಿ ಬಿಸಿಯಲ್ಲಿ ಒತ್ತಿ ಮಾಡಿದವು. ಮರದ ಪೀಠೋಪಕರಣಕ್ಕೆ ಪಾಲಿಶ್ ಹಾಕುವ ಬಡಗಿ ಅರಗನ್ನು ಕರಗಿಸುವುದು ಸ್ಪಿರಿಟ್ಟಿನಲ್ಲಿ. ಅದೇ ಸ್ಪಿರಿಟ್ಟನ್ನು ಹತ್ತಿಗೆ ಹಾಕಿ ಪ್ಲೇಟು ಒರೆಸಿದರೆ ಧೂಳಿನ ಜೊತೆ ಹಾಡೂ ಹೋಗುತ್ತದೆ. ಭಟ್ಟಿ ಇಳಿಸಿದ ನೀರಿಗೆ ಒಂದೆರಡು ಹನಿ ಸೌಮ್ಯವಾದ ಸೋಪಿನ ದ್ರವ ಬೆರೆಸಿ, ಮೃದುವಾದ ಬ್ರಶ್ಶಿನಿಂದ ಗೆರೆಗಳ ದಿಕ್ಕಿನಲ್ಲೇ ತಿಕ್ಕಿ, ಲೇಬಲ್ಲಿಗೆ ನೀರು ತಾಗದಂತೆ ನೋಡಿಕೊಂಡು, ಬಟ್ಟೆಯಿಂದ ಒತ್ತಿ ಆರಿಸಿದರೆ ಸಾಕು. ಇಡುವಾಗ ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಬೇಕು.

ಉಕ್ಕಿನ ಮುಳ್ಳಿನ ಹಳೆಯ ಯಂತ್ರದಲ್ಲಿ ಕೇಳುವ ಸುಖವೇ ಬೇರೆ ಎಂಬುದನ್ನು ನಾನೂ ಒಪ್ಪುತ್ತೇನೆ. 1931ರಲ್ಲಿ ಬಂದ ಎಚ್‌ಎಂವಿ 102 ಎಂಬ ಸೂಟ್‌ಕೇಸಿನಂಥ ಯಂತ್ರಕ್ಕೆ ಚಾವಿ ಕೊಟ್ಟು, ಮುಚ್ಚಳ ತೆರೆದು ಕೂತಾಗ ಕೋಣೆಯನ್ನೆಲ್ಲ ತುಂಬುವ ದನಿ ಯಾವ ಸ್ಪೀಕರಿನಿಂದಲೂ ಬರುವುದಿಲ್ಲ. ಆದರೆ ಆ ಯಂತ್ರದಲ್ಲಿ ಮುಳ್ಳನ್ನು ಸಿಕ್ಕಿಸುವ ಭಾರವಾದ ಶಬ್ದಪೆಟ್ಟಿಗೆ ಪ್ರತಿ ಸಲವೂ ಗೆರೆಯನ್ನು ಒಂದಿಷ್ಟು ಕೆರೆಯುತ್ತದೆ. ಅಪರೂಪದ ಪ್ಲೇಟನ್ನು ಅದರ ಮೇಲೆ ಹಚ್ಚಬಾರದು. ಹಗುರವಾದ ತೋಳಿನ ವಿದ್ಯುತ್ ಯಂತ್ರದಲ್ಲಿ, 78ರ ಪ್ಲೇಟಿಗೆಂದೇ ಮಾಡಿದ ಮುಳ್ಳು ಹಾಕಿ, ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಮುಂದೆ ಬಂದ ಪ್ಲಾಸ್ಟಿಕ್ಕಿನ ದೀರ್ಘ ಪ್ಲೇಟಾದ ಎಲ್‌ಪಿಯ ಮುಳ್ಳಿನ ತುದಿ ಸುಮಾರು 18 ಮೈಕ್ರಾನಿನದಾದರೆ ಇದಕ್ಕೆ ಬೇಕಾದದ್ದು ಸುಮಾರು 75 ಮೈಕ್ರಾನಿನದು. ಎಲ್‌ಪಿಯ ಮುಳ್ಳು ಈ ಅಗಲವಾದ ಗೆರೆಯ ತಳಕ್ಕೆ ಬಿದ್ದು ಅಲ್ಲಿನ ಕಸದ ಸದ್ದನ್ನೇ ಹಾಡಿಗಿಂತ ಹೆಚ್ಚಾಗಿ ಎತ್ತಿಕೊಡುತ್ತದೆ. ಇಳಿಸಿಕೊಂಡ ಮೇಲೆ ಕರಕರ ಸದ್ದನ್ನು ಪೂರ್ತಿ ಅಳಿಸುವ ಆಸೆಯನ್ನೂ ಬಿಡಬೇಕು. ಸದ್ದಿನ ಜೊತೆ ತಂಬೂರಿಯ ಝೇಂಕಾರವೂ ಅಳಿಸಿಹೋದ ಎಷ್ಟೋ ಮುದ್ರಣಗಳನ್ನು ಕೇಳಿ ನೊಂದಿದ್ದೇನೆ. ಇದ್ದದ್ದು ಇದ್ದಂತೆ ಒಂದು ಪ್ರತಿ, ತಿದ್ದಿದ್ದು ಇನ್ನೊಂದು ಪ್ರತಿ ಇರಲಿ.

ಹಿತ್ತಾಳೆಯ ಥಳಥಳಿಸುವ ಕೊಳವೆ, ಎಂಟು ಮೂಲೆಯ ಮರದ ಪೆಟ್ಟಿಗೆ, ಅದರ ಮೇಲೆ ನಾಯಿಯ ಹೊಸ ಬಿಲ್ಲೆ, ಇಂಥ ಯಂತ್ರಗಳನ್ನು ಪ್ರವಾಸಿ ತಾಣಗಳಲ್ಲಿ 'ನೂರು ವರ್ಷ ಹಳೆಯದು' ಎಂದು ಮಾರುತ್ತಾರೆ. ಅವು ಈಚೆಗೆ ಜೋಡಿಸಿದ ಅಲಂಕಾರದ ವಸ್ತುಗಳು. ಮನೆಯ ಹಜಾರಕ್ಕೆ ಶೋಭೆಯಾಗಿ ಇಟ್ಟುಕೊಳ್ಳುವವರ ಬಗ್ಗೆ ನನಗೆ ತಕರಾರಿಲ್ಲ, ಆದರೆ ಅವುಗಳ ಮೇಲೆ ಅಜ್ಜನ ಕಾಲದ ಪ್ಲೇಟು ಇಡಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಕೆಲವರು ತಮ್ಮಲ್ಲಿರುವುದನ್ನು ಕೇಳಿಸಲು ಹಿಂಜರಿಯುವುದಕ್ಕೆ ಎರಡು ಕಾರಣ ಹೇಳುತ್ತಾರೆ. ಒಂದು, ಹಕ್ಕಿನ ಭಯ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರು ವರ್ಷದ ಆರಂಭದಿಂದ 60 ವರ್ಷಗಳವರೆಗೆ ಇರುತ್ತದೆ. 1930ರ, 40ರ ದಶಕಗಳ ಪ್ಲೇಟುಗಳು ಅದನ್ನು ದಾಟಿ ಬಹಳ ಕಾಲವಾಯಿತು. ಹಾಡಿನ ಸಾಹಿತ್ಯ ಮತ್ತು ಸ್ವರಸಂಯೋಜನೆಯ ಹಕ್ಕು ಮಾತ್ರ ಕರ್ತೃವಿನ ಮರಣಾನಂತರವೂ 60 ವರ್ಷ ಉಳಿಯುವುದರಿಂದ ಅದನ್ನು ನೋಡಿಕೊಳ್ಳಬೇಕು. ದಾಸರ ಪದಕ್ಕೋ ಶರಣರ ವಚನಕ್ಕೋ ಸಾಹಿತ್ಯದ ಮಟ್ಟಿಗೆ ಆ ಪ್ರಶ್ನೆಯೂ ಬರುವುದಿಲ್ಲ. ಎರಡನೆಯ ಕಾರಣ, ಎಲ್ಲರೂ ಕೇಳಿಬಿಟ್ಟರೆ ತಮ್ಮ ಪ್ಲೇಟಿನ ಬೆಲೆ ಇಳಿಯುತ್ತದೆ ಎಂಬ ಲೆಕ್ಕಾಚಾರ. ಇದನ್ನು ನಾನು ಒಪ್ಪಲಾರೆ. ಯಾರೂ ಕೇಳದ ಹಾಡನ್ನು ಯಾರೂ ಹುಡುಕುವುದಿಲ್ಲ. ಅರಗಿನ ಪ್ಲೇಟು ಕೈಜಾರಿದರೆ ಚೂರಾಗುತ್ತದೆ. ಒಂದೇ ಪ್ರತಿ ಇರುವ ಮುದ್ರಣವನ್ನು ಕಪಾಟಿನಲ್ಲಿ ಮೌನವಾಗಿ ಇಟ್ಟುಕೊಂಡವರು ಒಂದು ಇಡೀ ನಾಡಿನ ಪಾಲನ್ನು ಒಬ್ಬರೇ ಹೊಣೆ ಹೊತ್ತು ಕೂತಂತಾಯಿತು. ಮುಂಬಯಿಯಲ್ಲಿ ಶುರುವಾದ ಭಾರತೀಯ ಧ್ವನಿಮುದ್ರಿಕೆ ಸಂಗ್ರಾಹಕರ ಸಂಘವು ತನ್ನ ಪತ್ರಿಕೆಯಲ್ಲಿ ಗಾಯಕರ ಪ್ಲೇಟುಗಳ ಪಟ್ಟಿಗಳನ್ನು ಪ್ರಕಟಿಸಿ, ಇಂಥ ಬಿಡಿ ಜ್ಞಾನವನ್ನು ಕೂಡಿಸುವ ಒಳ್ಳೆಯ ಮಾದರಿ ಹಾಕಿಕೊಟ್ಟಿದೆ. ಕನ್ನಡದ ರಂಗಗೀತೆಗಳ ಪ್ಲೇಟುಗಳಿಗೂ ಅಂಥ ಪೂರ್ತಿ ಪಟ್ಟಿ ಬೇಕು ಎಂಬುದು ನನ್ನ ಬಹುಕಾಲದ ಆಸೆ.

ಆ ಆಸೆಗೆ ಬಲ ಬಂದದ್ದು ಒಂದು ನಾಟಕದ ಸೆಟ್ಟಿನಿಂದ. ಇಡೀ ನಾಟಕವನ್ನು ಸಂಕ್ಷೇಪಿಸಿ, ಬದಿಗೆ ಮೂರು ನಿಮಿಷದಂತೆ ಕತ್ತರಿಸಿ, ಹಲವು ಪ್ಲೇಟುಗಳಲ್ಲಿ ಭಾಗಗಳಾಗಿ ಮಾರುತ್ತಿದ್ದ ಕಾಲವೊಂದಿತ್ತು. ದಾವಣಗೆರೆಯ ಸಂಗ್ರಾಹಕರೊಬ್ಬರು ಒಂದು ಪೌರಾಣಿಕ ನಾಟಕದ ಭಾಗ 1 ಮತ್ತು 2 ಇರುವ ಪ್ಲೇಟನ್ನು ತೋರಿಸಿದರು. ಕೆಲವು ತಿಂಗಳ ನಂತರ ಸೊಲ್ಲಾಪುರದ ಕನ್ನಡಿಗರೊಬ್ಬರು ತಮ್ಮ ಮನೆಯ ರಾಶಿಯಲ್ಲಿ ಅದೇ ನಾಟಕದ ಭಾಗ 5 ಮತ್ತು 6 ಇರುವುದನ್ನು ಗುರುತಿಸಿದರು. ಎರಡರ ಒಳಅಂಚಿನ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿದಾಗ ಅವು ಒಂದೇ ಸರಣಿಯವೆಂಬುದೂ ನಡುವೆ ಸರಿಯಾಗಿ ಎರಡು ಸಂಖ್ಯೆಗಳು ಬಿಟ್ಟುಹೋಗಿವೆ ಎಂಬುದೂ ಗೊತ್ತಾಯಿತು. ಅಂದರೆ ಆರೂ ಭಾಗಗಳನ್ನು ಒಂದೇ ಸಲಕ್ಕೆ ಸಾಲಾಗಿ ಮುದ್ರಿಸಿದ್ದಾರೆ, ಮತ್ತು ಕಳೆದುಹೋಗಿರುವುದು ಒಂದೇ ಪ್ಲೇಟು. ಅದರ ಎರಡೂ ಬದಿಯ ಅಂಕಿಗಳು ಯಾವುವೆಂದು ಪ್ಲೇಟು ನೋಡದೆಯೇ ನಾವೀಗ ಹೇಳಬಲ್ಲೆವು. ಲೇಬಲ್ ಹರಿದುಹೋಗಿದ್ದರೂ, ಹೆಸರು ಅಳಿಸಿದ್ದರೂ ಅದನ್ನು ಗುರುತಿಸಲು ಆ ಅಂಕಿಗಳು ಸಾಕು.

ಎರಡನೆಯ ಭಾಗ ರಾಜಸಭೆಯಲ್ಲಿ ಮಾತು ಏರುತ್ತಿರುವಾಗಲೇ ನಿಲ್ಲುತ್ತದೆ. ಐದನೆಯದು ಕಾಡಿನಲ್ಲಿ ತಾಯಿಯ ಗೋಳಿನಿಂದ ಆರಂಭವಾಗುತ್ತದೆ. ನಡುವೆ ಏನು ಹಾಡುತ್ತಿದ್ದರು ಎಂದು ತಿಳಿಯಲು, ಇದ್ದ ನಾಲ್ಕು ಭಾಗಗಳನ್ನು ವೃತ್ತಿರಂಗಭೂಮಿಯಲ್ಲಿ ಹಾರ್ಮೋನಿಯಂ ನುಡಿಸಿದ್ದ ಹಿರಿಯರೊಬ್ಬರಿಗೆ ಕೇಳಿಸಿದೆವು. ಅವರು ಎರಡನೆಯ ಭಾಗ ಮುಗಿದ ಸ್ಥಾಯಿಯಿಂದಲೇ ಎತ್ತಿಕೊಂಡು, ತಮ್ಮ ಕಂಪನಿಯಲ್ಲಿ ಆ ದೃಶ್ಯಕ್ಕೆ ಹಾಡುತ್ತಿದ್ದ ಒಂದು ಕಂದಪದ್ಯವನ್ನೂ ಒಂದು ಹಾಡಿನ ಮಟ್ಟನ್ನೂ ಹೇಳಿಕೊಟ್ಟರು, ಪ್ಲೇಟಿನಲ್ಲಿ ಅದೇ ಇರಬೇಕೆಂದೇನೂ ಇಲ್ಲ ಎಂಬ ಮಾತನ್ನೂ ಸೇರಿಸಿದರು. ಅವರು ಹಾಡಿದ್ದನ್ನು ಧ್ವನಿಮುದ್ರಿಸಿ, ಯಾರು ಯಾವಾಗ ಹಾಡಿದರೆಂದು ಬರೆದು, ಭಾಗ 3 ಮತ್ತು 4ರ ಜಾಗದಲ್ಲಿ ಬೇರೆ ಗುರುತಿನೊಡನೆ ಇಟ್ಟಿದ್ದೇವೆ. ಆ ಪ್ಲೇಟು ಸಿಕ್ಕ ದಿನ ಎರಡನ್ನೂ ಹೋಲಿಸಿ ನೋಡಬೇಕು.